ಮಗುವಿನ ಹೆಸರು, ಮಳೆಯ ನೆನಪು

ಪ್ರಶ್ನೆ: 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು ಕಡೆಯ ನಮ್ಮ ಮನೆಯೂ ಕಾಫಿ ತೋಟದ ಒಂದು ಪಾಲೂ ಗುಡ್ಡದೊಂದಿಗೆ ಜಾರಿಹೋದವು. ಈಗ ಮಗನಿಗೆ ಹೆಣ್ಣು ಮಗು ಹುಟ್ಟಿದೆ. ಸೊಸೆಗೆ ‘ನಿಸರ್ಗ’ ಅಥವಾ ‘ವೃಷ್ಟಿ’ ಎಂದು ಹೆಸರಿಡುವ ಆಸೆ. ನಿಸರ್ಗ ಎನ್ನುವುದು ಚಂಡಮಾರುತದ ಹೆಸರು, ಅಪಶಕುನ ಎಂದು ನೆಂಟರೊಬ್ಬರು ಹೇಳಿದರು. ನನ್ನ ಅತ್ತೆಯವರು ಮಳೆಯ ಹೆಸರು ಬೇಡವೇ ಬೇಡ, ಕಾವೇರಿ ಎಂದಿಡಿ ಎನ್ನುತ್ತಾರೆ. ‘2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿಯಿತಲ್ಲ, ಹಾಗಾದರೆ ಆ ಹೆಸರೂ ಬೇಡ’ ಎಂಬುದು ಮಗನ ವಾದ. ಯಾರ ಮಾತು ಕೇಳಲಿ?
– ಓದುಗರು, ಮಡಿಕೇರಿ

ಉತ್ತರ: ಈ ಮೂರು ಹೆಸರುಗಳ ಮೇಲಿನ ಆಕ್ಷೇಪಗಳು ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ ನನ್ನ ದೃಷ್ಟಿಯಲ್ಲಿ ಅವುಗಳ ತೂಕ ಬೇರೆ ಬೇರೆ. ಆದ್ದರಿಂದ ಒಂದೊಂದನ್ನಾಗಿಯೇ ನೋಡೋಣ.

ನೆಂಟರು ಹೇಳಿದ್ದು ನಿಜ. 2020ರ ಜೂನ್ 3ರಂದು ಮಹಾರಾಷ್ಟ್ರದ ಅಲಿಬಾಗ್ ಸಮೀಪ ದಡಕ್ಕೆ ಅಪ್ಪಳಿಸಿದ ಚಂಡಮಾರುತದ ಹೆಸರು ನಿಸರ್ಗ. ಆದರೆ ಆ ಹೆಸರು ಬಿರುಗಾಳಿಯ ಗುಣ ನೋಡಿ ಇಟ್ಟದ್ದಲ್ಲ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಚಂಡಮಾರುತಗಳಿಗಾಗಿ ಹದಿಮೂರು ದೇಶಗಳು ತಲಾ ಹದಿಮೂರರಂತೆ ಕೊಟ್ಟ 169 ಹೆಸರುಗಳ ಪಟ್ಟಿ ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಅದರ ಮೊದಲ ಹೆಸರೇ ಬಾಂಗ್ಲಾದೇಶ ಸೂಚಿಸಿದ್ದ ನಿಸರ್ಗ. ಗಾಳಿಯ ವೇಗ ಗಂಟೆಗೆ ಸುಮಾರು 62 ಕಿಲೋಮೀಟರ್ ದಾಟಿದಾಗ ಭಾರತೀಯ ಹವಾಮಾನ ಇಲಾಖೆಯು ಪಟ್ಟಿಯಲ್ಲಿ ಸರದಿಗೆ ಬಂದ ಹೆಸರನ್ನು ಕೊಡುತ್ತದೆ. ಏಕಕಾಲಕ್ಕೆ ಎರಡು ಚಂಡಮಾರುತಗಳಿದ್ದರೂ ಮುನ್ನೆಚ್ಚರಿಕೆ ಕೇಳುವ ಮೀನುಗಾರರಿಗೂ ಕರಾವಳಿಯವರಿಗೂ ಗೊಂದಲವಾಗಬಾರದು ಎಂಬುದೇ ಇದರ ಉದ್ದೇಶ. ಭಾರತ ಕೊಟ್ಟ ಹೆಸರುಗಳಲ್ಲಿ ಆಕಾಶ್, ಸಾಗರ್, ಮೇಘ್, ವಾಯು, ತೇಜ್, ನೀರ್, ಅಂಬುದ್ ಎಲ್ಲವೂ ಇವೆ. ಇವನ್ನೆಲ್ಲ ಅಪಶಕುನ ಎಂದು ಬದಿಗಿಡುತ್ತ ಹೋದರೆ ನಮ್ಮ ಮಕ್ಕಳಿಗೆ ಇಡಲು ಒಳ್ಳೆಯ ಪದಗಳೇ ಉಳಿಯುವುದಿಲ್ಲ.

ಹೆಸರಿಗೆ ದುರಂತದ ನೆನಪು ಅಂಟಿಕೊಳ್ಳುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2005ರಲ್ಲಿ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಕತ್ರಿನಾ ಚಂಡಮಾರುತದ ನಂತರ ಆ ಹೆಸರನ್ನು ಅಲ್ಲಿನ ಚಂಡಮಾರುತಗಳ ಪಟ್ಟಿಯಿಂದಲೇ ತೆಗೆಯಲಾಯಿತು. ಅಮೆರಿಕದಲ್ಲಿ ಹೆಣ್ಣು ಮಕ್ಕಳಿಗೆ ಅದನ್ನು ಇಡುವವರೂ ಕಡಿಮೆಯಾದರು. ಆದರೆ ಆ ನೆನಪು ಅನುಭವಿಸಿದ ಊರಿನದು, ಅನುಭವಿಸಿದ ಜನರದು. ನೀವು ಅಲಿಬಾಗ್ ಇರುವ ರಾಯಗಡ ಜಿಲ್ಲೆಯ ಕಡಲಂಚಿನಲ್ಲಿದ್ದು ಈ ಪತ್ರ ಬರೆದಿದ್ದರೆ ನಿಸರ್ಗ ಬೇಡವೆಂದೇ ಹೇಳುತ್ತಿದ್ದೆ. ಕೊಡಗಿನಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಕಾಡು, ಹೊಳೆ, ತೋಟವೇ ನೆನಪಾಗುತ್ತವೆ.

ವೃಷ್ಟಿಯ ವಿಷಯ ಹಾಗಲ್ಲ. ಇಲ್ಲಿ ನಾನು ಪೂರ್ತಿಯಾಗಿ ನಿಮ್ಮ ಅತ್ತೆಯವರ ಕಡೆ. ಆ ವರ್ಷ ಆಶ್ಲೇಷ ಮಳೆಯ ಕೊನೆಯ ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಕುಸಿದ ಮೇಲೆ, ಅಲ್ಲಿ ಬದುಕಿದವರಿಗೆ ಮಳೆಯ ಸದ್ದು ಮೊದಲಿನಂತೆ ಉಳಿದಿಲ್ಲ. ಮಳೆ ಜೋರಾದ ರಾತ್ರಿ ಎದ್ದು ಕೂರುವವರಿದ್ದಾರೆ. ಬೆಳಗಾಗುತ್ತಲೇ ತೋಡಿನ ನೀರು ಕೆಂಪಾಗಿದೆಯೇ, ಅಂಗಳದಲ್ಲಿ ಹೊಸದಾಗಿ ಬಿರುಕು ಬಿಟ್ಟಿದೆಯೇ ಎಂದು ನೋಡಿ ಬರುವವರಿದ್ದಾರೆ. ಪರಿಹಾರಕ್ಕಾಗಿ ಕಚೇರಿಗಳಿಗೆ ಅಲೆದ ಕುಟುಂಬಗಳ ಕಿವಿಗೆ ‘ಅತಿವೃಷ್ಟಿ’ ಎಂಬ ಮಾತು ಎಷ್ಟು ಸಲ ಬಿದ್ದಿರಬಹುದೆಂದು ಸೊಸೆಯವರು ಯೋಚಿಸಲಿ. ಹೊರಗಿನವರಿಗೆ ಅದು ಸೊಗಸಾದ ಹೆಸರೇ. ಆದರೆ ಮನೆ ಕಳೆದುಕೊಂಡ ಮುತ್ತಜ್ಜಿ ಮರಿಮಗಳನ್ನು ದಿನವಿಡೀ ಅದೇ ಹೆಸರಿನಿಂದ ಕೂಗಬೇಕಾಗುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಅದು ದುಃಖ.

ಹಾಗೆಂದು ದುರಂತದ ನೆನಪಿಗಾಗಿಯೇ ಮಗುವಿಗೆ ಹೆಸರಿಡುವುದನ್ನೂ ನಾನು ಒಪ್ಪಲಾರೆ. ಒಡಿಶಾದಲ್ಲಿ 2018ರ ತಿತ್ಲಿ, 2019ರ ಫೋನಿ ಚಂಡಮಾರುತಗಳ ಹೊತ್ತಿಗೆ ಹುಟ್ಟಿದ ಕೆಲವು ಶಿಶುಗಳಿಗೆ ತಂದೆ ತಾಯಿ ಅವೇ ಹೆಸರುಗಳನ್ನಿಟ್ಟಿದ್ದು ಸುದ್ದಿಯಾಗಿತ್ತು. ಅವರ ಸಂತೋಷ ಅರ್ಥವಾಗುತ್ತದೆ, ಆದರೆ ತಾನು ಕಾಣದ ಬಿರುಗಾಳಿಯ ಕತೆಯನ್ನು ಆ ಮಗು ಹೆಸರು ಕೇಳಿದವರಿಗೆಲ್ಲ ಜೀವನಪೂರ್ತಿ ಹೇಳುತ್ತಿರಬೇಕಾಗುತ್ತದೆ.

ಇನ್ನು ಕಾವೇರಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದು ಅರ್ಚಕರ ಕುಟುಂಬ ಮಣ್ಣುಪಾಲಾದದ್ದನ್ನು ಕೊಡಗು ಮರೆಯುವಂತಿಲ್ಲ. ಆದರೂ ಅದೇ ಅಕ್ಟೋಬರಿನ ತುಲಾ ಸಂಕ್ರಮಣದಲ್ಲಿ ತೀರ್ಥೋದ್ಭವ ನಡೆಯಿತು, ಕಾವೇರಮ್ಮ ಕಾವೇರಪ್ಪ ಎಂಬ ಹೆಸರಿನ ಹಿರಿಯರನ್ನು ಜನ ಎಂದಿನಂತೆಯೇ ಕೂಗಿದರು. ತಲೆಮಾರುಗಳಿಂದ ಈ ನಾಡಿನವರ ಬಾಯಲ್ಲಿರುವ ಹೆಸರಿಗೆ ಒಂದು ಕುಸಿತದ ಕಳಂಕ ತಟ್ಟುವುದಿಲ್ಲ. ನಿಮ್ಮ ಮಗನಿಗೆ ಕಾವೇರಿ ಎಂಬ ಹೆಸರಿನಿಂದ ನಿಜವಾಗಿ ನೋವಾಗುತ್ತಿದ್ದರೆ ಮಾತು ಬೇರೆ. ಪತ್ರ ಓದಿದರೆ, ಅಜ್ಜಿಯ ಮಾತಿಗೆ ಎದುರು ಮಾತು ಹುಡುಕಿದಂತೆ ಕಾಣುತ್ತದೆ.

ವೃಷ್ಟಿಯನ್ನು ಕೈಬಿಡಿ. ನಿಸರ್ಗ ಎಂಬ ಹೆಸರು ಅತ್ತೆಯವರಿಗೆ ಹೇಗನ್ನಿಸುತ್ತದೆ ಎಂದು ನೆಂಟರಿಲ್ಲದ ಹೊತ್ತಿನಲ್ಲಿ ನೀವೇ ಕೇಳಿ, ಅದನ್ನು ಸೊಸೆಯ ಕೈಯಲ್ಲಿ ಕೇಳಿಸಬೇಡಿ. ಅವರಿಗೆ ಅಡ್ಡಿಯಿಲ್ಲದಿದ್ದರೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಅವರೇ ಕಾವೇರಿ ಎಂದು ಹೇಳಲಿ, ದಾಖಲೆಯಲ್ಲಿ ನಿಸರ್ಗ ಎಂದಿರಲಿ. ಅವಸರವೇನೂ ಇಲ್ಲ: ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೇ ಹೊರತು ಅಷ್ಟರೊಳಗೆ ಹೆಸರು ನಿಶ್ಚಯವಾಗಬೇಕೆಂದಿಲ್ಲ. ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಅವಕಾಶವಿದೆ.