ಡಿಗ್ರಿ ಇಲ್ಲದೆ ಕೀಟ, ಪರಾವಲಂಬಿಗಳ ಮೇಲೆ ದೊಡ್ಡ ಸಂಶೋಧನೆ ಮಾಡಿದವರು ಇದ್ದಾರಾ?

ಖಂಡಿತ ಇದ್ದಾರೆ. ಇಂಗ್ಲೆಂಡಿನ ಮಿರಿಯಂ ರಾತ್ಸ್‌ಚೈಲ್ಡ್ (1908–2005). ಚಿಗಟದ ಹುಚ್ಚು ಇವರಿಗೆ ಮನೆಯಿಂದಲೇ ಬಂದಿದ್ದು. ಪ್ಲೇಗ್ ಹರಡುವ ಇಲಿ ಚಿಗಟಕ್ಕೆ 1903ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಇವರ ತಂದೆ ಚಾರ್ಲ್ಸ್.

ಮಿರಿಯಂ ಮೊದಲು ಇಂಗ್ಲೆಂಡಿನ ಬಂದರು ನಗರ ಪ್ಲಿಮತ್‌ನಲ್ಲಿ ಕಡಲ ಬಸವನಹುಳುಗಳ ಒಳಗೆ ಬದುಕುವ ಚಪ್ಪಟೆ ಹುಳುಗಳನ್ನು ಅಧ್ಯಯನ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಆ ಕೆಲಸವೆಲ್ಲ ನಾಶವಾಯಿತು. ಎಷ್ಟು ಸಂಕಟ ಅಲ್ವಾ? ಆಮೇಲೆ ತಂದೆಯ ಚಿಗಟ ಸಂಗ್ರಹದ ಸಚಿತ್ರ ಪಟ್ಟಿ ಮಾಡಲು ಕೂತರು. 1953ರಿಂದ ಸಂಪುಟಗಳು ಒಂದೊಂದಾಗಿ ಹೊರಬಂದವು.

ನನಗೆ ಜಾಸ್ತಿ ಇಷ್ಟವಾದದ್ದು ಮೊಲದ ಚಿಗಟದ ಬಗೆಗಿನ ಅವರ ಕೆಲಸ. ಹೆಣ್ಣು ಚಿಗಟದ ಅಂಡಾಶಯ ಸುಮ್ನೆ ಬೆಳೆಯುವುದಿಲ್ಲ. ಅದು ಬಸುರಿ ಮೊಲದ ರಕ್ತ ಕುಡಿಯಬೇಕು. ಆ ರಕ್ತದ ಹಾರ್ಮೋನುಗಳಿಂದ ಮೊಟ್ಟೆಗಳು ಬಲಿಯುತ್ತವೆ. ಮೊಲ ಮರಿ ಹಾಕಿದ ತಕ್ಷಣ ಚಿಗಟಗಳು ತಾಯಿಯ ಮೈಬಿಟ್ಟು ಮರಿಗಳ ಮೇಲೆ ಹೋಗುತ್ತವೆ. ಅಲ್ಲೇ ಗಂಡು-ಹೆಣ್ಣು ಕೂಡಿ, ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಹುಟ್ಟಿದ ಚಿಗಟಕ್ಕೆ ಎಳೆ ಮೊಲಗಳು ಪಕ್ಕದಲ್ಲೇ ಸಿಗುತ್ತವೆ! ಪರಾವಲಂಬಿಯ ಸಂತಾನ ಚಕ್ರ ಅದು ಆಶ್ರಯಿಸಿದ ಪ್ರಾಣಿಯ ಹಾರ್ಮೋನುಗಳಿಗೆ ಇಷ್ಟು ಬಿಗಿಯಾಗಿ ಅಂಟಿಕೊಂಡಿರುವುದು ಅದ್ಭುತ.

ಓದಿ ಪಡೆದ ಪದವಿ ಇಲ್ಲದಿದ್ದರೂ 1985ರಲ್ಲಿ ಅವರು ಬ್ರಿಟನ್ನಿನ ಪ್ರತಿಷ್ಠಿತ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಫೆಲೋ (ಸದಸ್ಯೆ) ಆದರು.