ಆರ್‌ಎಸ್‌ಐ 28ಕ್ಕೆ ಬಂತೆಂದು ಆವರೇಜ್ ಮಾಡಬೇಡಿ

ಷೇರು ಸೂಚ್ಯಂಕ ನಿಫ್ಟಿಯ ಡೈಲಿ ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲವನ್ನು 0ಯಿಂದ 100ರೊಳಗೆ ತೋರಿಸುವ ಸೂಚಕ) 28ಕ್ಕೆ ಬಂದಿದೆ, ಅಂಥದ್ದೇ ಇನ್ನೊಂದು ಸೂಚಕವಾದ ಸ್ಟೊಕ್ಯಾಸ್ಟಿಕ್ ಕೂಡ ಓವರ್‌ಸೋಲ್ಡ್, ಅಂದರೆ ಮಾರಾಟ ಅತಿಯಾಗಿದೆ ಎಂದು ತೋರಿಸುತ್ತಿದೆ, ಆದ್ದರಿಂದ ಇಳಿದ ಬೆಲೆಗೆ ಇನ್ನೊಂದು ಲಾಟ್ (ವಹಿವಾಟಿನ ನಿಗದಿತ ಕಂತೆ) ಸೇರಿಸಿ ಕೊಂಡ ಬೆಲೆಯ ಸರಾಸರಿ ಇಳಿಸುತ್ತೇನೆ ಎಂದು ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. 2020ರಲ್ಲಿ ನಾನು ಮಾಡಿದ್ದೂ ಇದನ್ನೇ.

ಆ ವರ್ಷ ಫೆಬ್ರುವರಿ 28ರಂದು ನಿಫ್ಟಿ 11,200ರ ಆಸುಪಾಸಿನಲ್ಲಿ ಮುಗಿದಾಗ ಆರ್‌ಎಸ್‌ಐ 30ರ ಕೆಳಗಿತ್ತು. ಸೋಮವಾರ ಪುಟಿದೇಳುತ್ತದೆಂದು ಒಂದು ಲಾಟ್ ಫ್ಯೂಚರ್ಸ್ (ಮುಂದಿನ ದಿನಾಂಕದ ಬೆಲೆಯ ಮೇಲಿನ ಒಪ್ಪಂದ) ಕೊಂಡೆ, ಮಾರ್ಚ್ 9ರಂದು 10,450ರ ಬಳಿ ಇನ್ನೊಂದು ಸೇರಿಸಿದೆ. ಪರದೆಯ ಕೆಳಗಿನ ಆರ್‌ಎಸ್‌ಐನ ಆ ನೇರಳೆ ಗೆರೆ ಬಹುಪಾಲು ದಿನ ತಳದಲ್ಲೇ ಮಲಗಿತ್ತು, ನಾನು ಮಾತ್ರ ಅದು ಇಂದು ಏಳುತ್ತದೆ, ನಾಳೆ ಏಳುತ್ತದೆ ಎಂದು ಕಾಯುತ್ತಿದ್ದೆ. ಮಾರ್ಚ್ 23ರಂದು ಸೂಚ್ಯಂಕ ಒಂದೇ ದಿನ ಶೇ 13ರಷ್ಟು ಕುಸಿದು 7,610ಕ್ಕೆ ಬಂದು ನಿಲ್ಲುವ ಮೊದಲೇ ಮಾರ್ಜಿನ್ (ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಹಣ) ಸಾಲದೆ ನನ್ನ ಎರಡೂ ಲಾಟ್‌ಗಳು ಸ್ಕ್ವೇರ್ ಆಫ್ ಆಗಿದ್ದವು, ಅಂದರೆ ಬಲವಂತವಾಗಿ ಮಾರಾಟವಾಗಿದ್ದವು.

ಆರ್‌ಎಸ್‌ಐ ಹೇಳುವುದು ಕಳೆದ 14 ದಿನಗಳಲ್ಲಿ ಏರಿಕೆಗೆ ಹೋಲಿಸಿದರೆ ಇಳಿಕೆ ಎಷ್ಟು ಬಲವಾಗಿತ್ತು ಎಂಬುದನ್ನಷ್ಟೇ. ಬೆಲೆ ಅಗ್ಗವಾಗಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಸ್ಟೊಕ್ಯಾಸ್ಟಿಕ್ ಸಹ ಅದೇ ಬೆಲೆಯಿಂದ ಹುಟ್ಟಿದ್ದರಿಂದ, ಎರಡೂ ಒಪ್ಪಿದವು ಎನ್ನುವುದು ಒಬ್ಬನೇ ಸಾಕ್ಷಿಗೆ ಅಂಗಿ ಬದಲಿಸಿ ಎರಡು ಸಲ ಕಟಕಟೆ ಹತ್ತಿಸಿದಂತೆ.

ಈಗ ನಾನು ಮೊದಲು ನೋಡುವುದು 200 ದಿನಗಳ ಮೂವಿಂಗ್ ಆವರೇಜ್, ಅಂದರೆ ಅಷ್ಟು ದಿನಗಳ ಸರಾಸರಿ ಬೆಲೆಯ ಗೆರೆ. ನಿಫ್ಟಿ ಅದರ ಕೆಳಗಿದ್ದು ಎಡಿಎಕ್ಸ್ (ಏರುಮುಖವೋ ಇಳಿಮುಖವೋ ಎಷ್ಟು ಬಲವಾಗಿದೆ ಎಂದು ತೋರಿಸುವ ಸೂಚಕ) 25ರ ಮೇಲೆ ಏರುತ್ತಿದ್ದರೆ ಆರ್‌ಎಸ್‌ಐ 30 ಎಂಬುದನ್ನು ಕೊಳ್ಳುವ ಸೂಚನೆಯಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ; ಅಂಥ ಇಳಿಮುಖದಲ್ಲಿ ಆರ್‌ಎಸ್‌ಐ ಗೆರೆ 60ರ ಬಳಿ ಹೋಗಿ ಮತ್ತೆ ಕೆಳಗೆ ತಿರುಗುವುದೇ ನನಗೆ ಮುಖ್ಯ. ಏರುಮುಖದಲ್ಲಿ 40ರ ಬಳಿ ನಿಂತು ಮೇಲೇಳುವುದನ್ನು ಕಾಯುತ್ತೇನೆ. ಅಂಥ ಏರುಮುಖದ 2020ರ ನವೆಂಬರ್‌ನಲ್ಲಿ ಆರ್‌ಎಸ್‌ಐ 70 ದಾಟಿತೆಂದು 12,700ರ ಸುತ್ತ ಮಾರಿದವರು ಡಿಸೆಂಬರ್ ಕೊನೆಗೆ 14,000ರ ಹತ್ತಿರದ ನಿಫ್ಟಿಯನ್ನು ಹೊರಗೆ ನಿಂತು ನೋಡಿದರು. ಆದರೆ ಮಾರುಕಟ್ಟೆ ಎರಡು ಮಟ್ಟಗಳ ನಡುವೆಯೇ ಅಡ್ಡಾಡುವಾಗ ಈ ಕ್ರಮ ಮೋಸ ಮಾಡುತ್ತದೆ, ಆಗ 30ರ ಕೆಳಗೆ ಕೊಳ್ಳುವ, 70ರ ಮೇಲೆ ಮಾರುವ ನಿಮ್ಮ 30-70 ಲೆಕ್ಕವೇ ಮೇಲು; ಬಜೆಟ್, ಚುನಾವಣಾ ಫಲಿತಾಂಶದ ದಿನಗಳಲ್ಲಂತೂ ಯಾವುದನ್ನೂ ನಂಬಬೇಡಿ.

ಇದಕ್ಕೆ ದುಡ್ಡು ಕೊಟ್ಟು ‘ಬೈ-ಸೆಲ್ ಸಿಗ್ನಲ್’ ಕೊಳ್ಳುವ ಹುಚ್ಚು ಬೇಡ. ಚಾರ್ಟ್ ನೋಡಲು ಟ್ರೇಡಿಂಗ್‌ವ್ಯೂ ತಾಣದ ಉಚಿತ ಖಾತೆ ಸಾಕು, ಓದಲು ಜೆರೋಧಾ ಬ್ರೋಕರ್‌ನ ವಾರ್ಸಿಟಿ ಪಾಠಗಳು ಧಾರಾಳವಾಗಿವೆ. ಎಫ್ ಅಂಡ್ ಓದಲ್ಲಿ (ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ) ನೂರಕ್ಕೆ 93 ಮಂದಿ ವೈಯಕ್ತಿಕ ಟ್ರೇಡರ್‌ಗಳು ಕಳೆದುಕೊಂಡಿದ್ದಾರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದ ಮೇಲೂ ಸ್ಟಾಪ್‌ಲಾಸ್ (ನಷ್ಟ ಇಂತಿಷ್ಟಾದರೆ ತಾನೇ ಮಾರುವ ಆದೇಶ) ಇಲ್ಲದೆ ಲಾಟ್ ಸೇರಿಸುತ್ತೇನೆ ಎನ್ನುತ್ತೀರಲ್ಲ! ಇನ್ನೊಂದು ಲಾಟ್ ಮುಟ್ಟುವ ಮುನ್ನ ನಿಮ್ಮ ಎಂಟ್ರಿ ಬೆಲೆಯನ್ನೂ ವಾರದ ಚಾರ್ಟನ್ನೂ ಇಲ್ಲಿ ಹಾಕಿ, ನೋಡೋಣ.