ಹಣ್ಣಿನ ಹಕ್ಕಿಗೆ ಹುಳ ಯಾಕೆ ಬೇಕು?

ಪ್ರಶ್ನೆ: ಟೂಕನ್ ಹಕ್ಕಿ ಬೇರೆ ಹಕ್ಕಿಯ ಗೂಡಿನಿಂದ ಮರಿ ಎತ್ತಿ ನುಂಗಿದ್ದನ್ನು ಟಿವಿಯಲ್ಲಿ ನೋಡಿ ಮೊಮ್ಮಗಳು ಊಟ ಬಿಟ್ಟು ಎದ್ದಳು. ಅಷ್ಟು ಬಣ್ಣದ ಹಕ್ಕಿ ಹಣ್ಣು ತಿನ್ನುವುದಲ್ವಾ? ನಮ್ಮ ಹಿತ್ತಲಿನ ನುಗ್ಗೆ ಮರದಲ್ಲಿ ಹಸಿರು ಕುಟುರ ಗೂಡು ಕೊರೆದಿದೆ. ಅದೂ ಹೀಗೇನಾ? ಬಾಳೆಹಣ್ಣು ಇಡಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಮಗುವಿಗೆ ಊಟ ಮಾಡಿಸಿ. ದಕ್ಷಿಣ ಅಮೆರಿಕದ ಕಾಡಿನ ಟೂಕನ್ ಜಾಸ್ತಿ ತಿನ್ನುವುದು ಹಣ್ಣನ್ನೇ. ಆದರೆ ಹುಳ, ಹಲ್ಲಿ, ಮೊಟ್ಟೆ, ಮರಿ ಸಿಕ್ಕರೆ ಬಿಡುವುದಿಲ್ಲ. ಟೋಕೋ ಟೂಕನ್ನಿನ ಕೊಕ್ಕು ಸುಮಾರು 20 ಸೆಂಟಿಮೀಟರ್ ಉದ್ದ, ಆದರೂ ಬಲು ಹಗುರ. ಭಾರ ತಡೆಯದ ಕೊಂಬೆ ತುದಿಯ ಹಣ್ಣಿಗೂ ಅದು ಎಟುಕುತ್ತದೆ, ಆಳದ ಗೂಡಿಗೂ ಎಟುಕುತ್ತದೆ. ತುದಿಯಲ್ಲಿ ಹಿಡಿದದ್ದು ಗಂಟಲಿಗೆ ಬರಬೇಕಲ್ಲ, ಅದಕ್ಕೇ ತಲೆ ಹಿಂದಕ್ಕೆ ಎಸೆದು ಗುಳುಂ ಮಾಡುತ್ತದೆ.

ನಿಮ್ಮ ಕುಟುರ ಈ ಟೂಕನ್ನಿಗೆ ದೂರದ ನೆಂಟ. ಹಾಗಂತ ಹೆದರಬೇಡಿ. ದೇವರಾಯನದುರ್ಗದ ಕಡೆ ಆಲ, ಅತ್ತಿ ಹಣ್ಣಾದಾಗ ಮರದ ಕೆಳಗೆ ಸುಮ್ನೆ ನಿಂತರೆ ಕುಟ್ರೂ ಕುಟ್ರೂ ಅಂತ ಕಿವಿ ತುಂಬಾ ಕೂಗು. ಹಕ್ಕಿ ಮಾತ್ರ ಎಲೆಯ ನಡುವೆ ಕಾಣುವುದೇ ಇಲ್ಲ. ಅತ್ತಿ ಹಣ್ಣನ್ನು ಬಿಚ್ಚಿ ನೋಡಿದ್ದೀರಲ್ಲ? ಒಳಗೆ ಸಣ್ಣ ಕಣಜಗಳು. ಹಣ್ಣು ತಿನ್ನುವಾಗಲೂ ಅದು ಪೂರ್ತಿ ಸಸ್ಯಾಹಾರಿ ಅಲ್ಲ ಬಿಡಿ!

ಮೊಟ್ಟೆ ಒಡೆದು ಮರಿ ಬಂದ ಮೇಲಂತೂ ಹುಳ ಬೇಕೇ ಬೇಕು. ಹಣ್ಣಿನಲ್ಲಿ ಸಿಹಿ ಇದೆ, ಪುಕ್ಕ ಬೆಳೆಯಲು ಬೇಕಾದಷ್ಟು ಪ್ರೋಟೀನ್ ಇಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೂಡಿನಿಂದ ದೂರ ಕೂತು ಮೊಮ್ಮಗಳಿಗೂ ತೋರಿಸಿ. ಕೊಕ್ಕಿನ ಬುಡದಲ್ಲಿ ಮೀಸೆಯಂಥ ಕೂದಲು ಕಾಣುತ್ತದೆ. ಬರುವಾಗ ಬಾಯಲ್ಲಿ ಹಣ್ಣೋ ಮಿಡತೆಯೋ ಇರುತ್ತದೆ, ಹೋಗುವಾಗ ಕೆಲವು ಸಲ ಮರಿಗಳ ಹಿಕ್ಕೆ. ಗೂಡು ಗುಡಿಸುವ ಕೆಲಸವೂ ಅಪ್ಪ ಅಮ್ಮನದೇ. ಮಧ್ಯ ಅಮೆರಿಕದ ಕ್ವೆಟ್ಜಾಲ್ ಹಕ್ಕಿ ಕೂಡ ಹೀಗೇ. ತಾನು ಕಾಡು ಬೆಣ್ಣೆಹಣ್ಣನ್ನು ಇಡಿಯಾಗಿ ನುಂಗಿ ಬೀಜ ಉಗುಳುತ್ತದೆ, ಮರಿಗೆ ಹುಳ, ಹಲ್ಲಿ ತರುತ್ತದೆ.

ಬಾಳೆಹಣ್ಣು ಇಡಿ, ತೊಂದರೆ ಇಲ್ಲ. ಸಂಜೆಗೆ ಉಳಿದದ್ದನ್ನು ತೆಗೆಯದಿದ್ದರೆ ಇಲಿ ಬರುತ್ತದೆ ಅಷ್ಟೇ. ಅದಕ್ಕಿಂತ ಒಂದು ಗಸಗಸೆ ಹಣ್ಣಿನ ಗಿಡ ನೆಡಿ, ಬೇಗ ಬೆಳೆಯುತ್ತದೆ. ಹಿತ್ತಲಿಗೆ ಔಷಧ ಹೊಡೆಸಬೇಡಿ, ಮರಿಯ ಊಟ ಅಲ್ಲೇ ಇರುವುದು. ನುಗ್ಗೆಯ ಒಣಕೊಂಬೆ ಕಡಿಯಲು ಯಾರಾದರೂ ಕತ್ತಿ ಹಿಡಿದು ಬಂದರೆ, ಮರಿ ಹಾರಿದ ಮೇಲೆ ಬನ್ನಿ ಅನ್ನಿ.